ಕೇಕಿನ ಮೇಲೆ ಕೂತಿದ್ದ ಅಜ್ಜಿ

ಪೀಣ್ಯದ ಕಾರ್ಖಾನೆಯಲ್ಲಿ ಉಕ್ಕಿನ ಅಚ್ಚು ಕೊರೆಯುವುದು ನನ್ನ ಕಸುಬು. ಹಾಗಾಗಿ ಮಗಳು ಸಿರಿ ತನ್ನ ಆರನೇ ಹುಟ್ಟುಹಬ್ಬದ ಕೇಕಿನ ಮೇಲೆ ತನ್ನಂಥದೇ ಗೊಂಬೆ ಬೇಕೆಂದಾಗ, ಅದನ್ನು ಚಾಕೊಲೇಟಿನಲ್ಲಿ ನಾನೇ ಮಾಡುವುದಾಗಿ ಘೋಷಿಸಿದೆ. ಅವಳು ಇಡೀ ಬೀದಿಗೆ ಸಾರಿ ಬಂದಳು. ಇನ್ನು ಹಿಂದೆ ಸರಿಯುವಂತಿರಲಿಲ್ಲ.

ಬಿಳಿ ಚಾಕೊಲೇಟ್ ಕರಗಿಸಿ, ಲಿಕ್ವಿಡ್ ಗ್ಲೂಕೋಸ್ ಬೆರೆಸಿ, ಆರಿದ ಮೇಲೆ ಹದವಾಗಿ ನಾದಿದರೆ ಜೇಡಿಮಣ್ಣಿನಂತಾಗುತ್ತದೆ. ನಾನು ಚಪಾತಿ ಹಿಟ್ಟು ನಾದಿದಂತೆ ನಾದಿದೆ. ಎಣ್ಣೆ ಬಿಟ್ಟಿತು. ಆದರೂ ಗುಂಡು ಕೆನ್ನೆ, ಎರಡು ಜಡೆ, ಒಣದ್ರಾಕ್ಷಿ ಚೂರಿನ ಕಣ್ಣು ಎಲ್ಲ ಮಾಡಿ, ರಾಜಗೋಪಾಲನಗರದ ನಮ್ಮ ಬಾಡಿಗೆ ಮನೆಯ ತಾರಸಿಯಲ್ಲಿ, ತಗಡಿನ ಶೀಟಿನ ಕೆಳಗೆ, ಕೇಕಿನ ಮೇಲೆ ಕೂರಿಸಿದೆ. ಏಪ್ರಿಲ್ ತಿಂಗಳ ಮಧ್ಯಾಹ್ನ!

ಸ್ವಲ್ಪ ಹೊತ್ತಿಗೆ ಹೆಂಡತಿ ಶೈಲಾ ನನ್ನ ತೋಳು ಹಿಡಿದಳು. "ರೀ, ಅದು ನನ್ನೇ ನೋಡ್ತಿದೆ."

ಕೆನ್ನೆಗಳು ಜೋತುಬಿದ್ದಿದ್ದವು. ಬಾಯಿ ಹಲ್ಲಿಲ್ಲದಂತೆ ಒಳಸೇರಿತ್ತು. ಜಡೆಗಳೆರಡೂ ಕೂಡಿ ತುರುಬಾಗಿದ್ದವು. ನಾನು ಎತ್ತ ಸರಿದರೂ ಕಣ್ಣು ನನ್ನ ಹಿಂದೆಯೇ ಬರುತ್ತಿತ್ತು. ನಿಜ ಹೇಳುತ್ತೇನೆ, ಹೆದರಿಕೆಯಾಯಿತು.

ಅಷ್ಟರಲ್ಲಿ ಮನೆ ಮಾಲೀಕರು, ಅರವತ್ತು ದಾಟಿದ ಗಂಗಣ್ಣ, ಮೇಲೆ ಬಂದರು. ಕೇಕ್ ನೋಡಿದವರೇ ಚಪ್ಪಲಿ ಬಿಟ್ಟರು.

"ಇದು ನಮ್ಮವ್ವ," ಎಂದರು. "ತೀರೋಗಿ ಏಳು ವರ್ಸ ಆಯ್ತು. ಒಂದ್ ಫೋಟೋನೂ ಇಲ್ಲ. ನೀವೆಲ್ಲಿ ನೋಡಿದ್ರಿ ಸಾರ್?"

ನಾವು ಆ ಮನೆಗೆ ಬಂದು ಎರಡೇ ವರ್ಷ. ಗಂಗಣ್ಣ ಗೊಂಬೆಯನ್ನು ತಮ್ಮ ದೇವರಮನೆಗೆ ಒಯ್ಯಲು ಕೈಚಾಚಿದರು. ಸಿರಿಯ ಕಣ್ಣು ತುಂಬಿತು.

"ತಾತ, ಅದು ನಾನು. ಅಪ್ಪ ನನ್ನ ನೋಡ್ಕೊಂಡೇ ಮಾಡಿದ್ದು."

ಗಂಗಣ್ಣ ಗೊಂಬೆಯನ್ನು ನೋಡಿದರು, ಸಿರಿಯನ್ನು ನೋಡಿದರು. "ಇಲ್ಲೇ ಇದ್ಯಾ ಅವ್ವ? ಒಂದ್ ಮಾತ್ ಏಳ್ಬಾರ್ದಾ?" ಎಂದು ಆರು ವರ್ಷದ ಹುಡುಗಿಯ ಕಾಲಿಗೆ ಬಿದ್ದರು. ಸಿರಿ ಅವರ ತಲೆ ಮುಟ್ಟಿ, ಗೊಂಬೆಯ ಕೈ ಮುರಿದು ಬಾಯಿಗೆ ಹಾಕಿಕೊಂಡಳು. ತಡೆಯುವ ಧೈರ್ಯ ಯಾರಿಗೂ ಬರಲಿಲ್ಲ.

ಅಂದಿನಿಂದ ಗಂಗಣ್ಣ ಅವಳನ್ನು 'ಅವ್ವ' ಎಂದೇ ಕರೆಯುತ್ತಾರೆ. ನೀರಿನ ಮೋಟಾರ್ ಹಾಕುವುದಕ್ಕೂ ಅವಳ ಅಪ್ಪಣೆಯಾಗಬೇಕು. ಆ ಪ್ರಕಾರ ನಾನು ಅವರಿಗೆ ತಾತನಾಗಬೇಕಲ್ಲ! ತಕ್ಕ ಮರ್ಯಾದೆಗಾಗಿ ಒಂದು ವಾರ ಕಾದೆ. ಕೊನೆಗೆ ನಾನೇ ನಾಚಿಕೆ ಬಿಟ್ಟು ವಿಷಯ ತೆಗೆದೆ.

ಗಂಗಣ್ಣ ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು.

"ನೀವಲ್ಲ ಬಿಡಿ ಸಾರ್. ನಮ್ ತಾತನ ಕೈಕೆಲ್ಸ ಅಚ್ಚುಕಟ್ಟಾಗಿರೋದು."