ನಾನು ಕೈಗೊಂಡ ಪುಕ್ಕ ಸಂಗ್ರಹ ಕಾರ್ಯ

ಐನಾಪುರದ ಶಾಲೆಯಲ್ಲಿ ಮೂವತ್ತು ವರ್ಷ ಅರವತ್ತರವತ್ತು ಹುಡುಗರ ವರ್ಗವನ್ನು ಹದ್ದುಬಸ್ತಿನಲ್ಲಿಟ್ಟ ಮಾಸ್ತರ ನಾನು. ಹನ್ನೆರಡು ಕೋಳಿ ಯಾವ ಲೆಕ್ಕ!

ತಂಗಿಯ ಮಗಳು ಸುನೀತಾ ಕೋಳಿಗಳ ಮೇಲೆ ಪಿಎಚ್‌.ಡಿ. ಮಾಡುತ್ತಿದ್ದಾಳೆ. ಯಾವ ಕೋಳಿ ಬೇಗ ಬೆಳೆಯುತ್ತದೆ, ಯಾವುದಕ್ಕೆ ಕೊಬ್ಬು ಏರುತ್ತದೆ ಎಂಬುದರ ಗುರುತು ಅದರ ಡಿಎನ್‌ಎಯಲ್ಲೇ ಇರುತ್ತದಂತೆ. ಅದಕ್ಕಾಗಿ ನಮ್ಮ ಮನೆಯ ಹನ್ನೆರಡು ಜವಾರಿ ಕೋಳಿಗಳ ಕಾಲಿಗೆ ನಂಬರಿನ ಉಂಗುರ ಹಾಕಿ ಹೋಗಿದ್ದಳು. ವಾರವಾರ ತೂಕ ಮಾಡಿ ಬರೆದಿಟ್ಟವಳು ನನ್ನ ಹೆಂಡತಿ ಶಾಂತಾ. ಉಳಿದದ್ದು ಒಂದೇ ಕೆಲಸ: ಪ್ರತಿ ಕೋಳಿಯಿಂದ ಬುಡಸಮೇತ ಒಂದು ಪುಕ್ಕ ಕಿತ್ತು, ಅದರ ನಂಬರಿನ ಕವರಿಗೆ ಹಾಕಿ ಕಳಿಸುವುದು. ಅಷ್ಟರಲ್ಲಿ ಶಾಂತಾ ಪಾಲಬಾವಿಯ ತವರಿಗೆ ಹೋದಳು.

"ಅತ್ತಿ ಬರೂತನಾ ತಡೀತೀನ್ರಿ ಮಾಮಾ," ಎಂದಳು ಸುನೀತಾ ಫೋನಿನಲ್ಲಿ.

"ಯಾಕವ್ವಾ? ನಾ ಇಲ್ಲೇನ?" ಎಂದೆ.

ಮಟಮಟ ಮಧ್ಯಾಹ್ನ ಕಾರ್ಯಾಚರಣೆ ಆರಂಭವಾಯಿತು. ಮೂರನೇ ನಂಬರ್ ಬೇಲಿ ಹಾರಿತು. ಒಂಬತ್ತನೇ ನಂಬರ್ ಕಬ್ಬಿನೊಳಗೆ ಭೂಗತವಾಯಿತು. ಎಂಟನೆಯದರ ಮೇಲೆ ಎರಗಿದ ನನಗೆ ಸಿಕ್ಕಿದ್ದು ಸೆಗಣಿ ಬುಟ್ಟಿ!

"ಮಾಸ್ತರ್ರ, ವ್ಯಾಯಾಮ ಚಲೋ ನಡದೈತ್ರಿ!" ಎಂದಳು ಪಕ್ಕದ ಮನೆಯ ಬಾಳವ್ವ, ಗೋಡೆಯ ಮೇಲಿಂದ ಇಣುಕಿ.

ಕೈಗೆ ಸಿಕ್ಕಿದ್ದು ಐದನೇ ನಂಬರ್ ಮಾತ್ರ. ಅದು ದಪ್ಪ, ಸಾಧು, ಕರೆದರೆ ತಾನೇ ಬಂದು ತೊಡೆಯ ಮೇಲೆ ಕೂರುವಂಥದ್ದು. ಎಲ್ಲವೂ ಒಂದೇ ತಾಯಿಯ ಮರಿಗಳಲ್ಲವೇ, ಪುಕ್ಕ ಪುಕ್ಕಕ್ಕೆ ಏನು ಭೇದ ಎಂದು ಮನಸ್ಸಿಗೆ ಸಮಾಧಾನ ಹೇಳಿಕೊಂಡೆ. ಅದರಿಂದಲೇ ಹನ್ನೆರಡು ಪುಕ್ಕ ಕಿತ್ತು ಹನ್ನೆರಡು ಕವರು ತುಂಬಿದೆ. ನಂಬರುಗಳನ್ನು ಮಾತ್ರ ಬಹಳ ದುಂಡಗೆ ಬರೆದೆ.

ತವರಿಂದ ಬಂದ ಶಾಂತಾ ಐದನೆಯದರ ಬೋಳು ಬಾಲ ಕಂಡು ಗಾಬರಿಯಾಗಿ ಅರಿಶಿನ ಹಚ್ಚಿದಳು.

"ಏನಾಗೇತ್ರಿ ಇದಕ?"

"ಹವಾ ಬದಲಾಗೇತಲ್ಲ," ಎಂದೆ.

ಹದಿನೈದು ದಿನಕ್ಕೆ ಸುನೀತಾಳ ಫೋನು ಬಂತು.

"ಮಾಮಾ, ಹನ್ನೆರಡೂ ಪುಕ್ಕ ಒಂದ ಕೋಳಿವು ಅಂತ ಟೆಸ್ಟಿನ್ಯಾಗ ಬಂದೈತಿ!"

"ಎಲ್ಲಾ ಅಕ್ಕ-ತಂಗೇರ ಅದಾವವ್ವಾ. ಹೋಲಿಕಿ ಇರತೈತಿ."

"ಅಕ್ಕ-ತಂಗೇರದೂ ಬ್ಯಾರೆ ಬ್ಯಾರೆ ಇರತೈತ್ರಿ. ಇದು ಒಂದ ಕೋಳಿ. ಈ ವಾರದಾಗ ಪುಕ್ಕ ಕೊಡಲಿಲ್ಲಂದ್ರ ನನ್ನ ಒಂದ ವರ್ಷ ಹೋಗತೈತ್ರಿ ಮಾಮಾ."

ನನ್ನ ಜಂಬಕ್ಕೆ ಆ ಹುಡುಗಿಯ ವರ್ಷ ಬಲಿ! ನಿಜವಾಗಿಯೂ ನಾಚಿಕೆಯಾಯಿತು. ಹೆಂಡತಿಯ ಮುಂದೆ ಎಲ್ಲವನ್ನೂ ಒಪ್ಪಿಕೊಂಡೆ.

ಶಾಂತಾ ಬೈಯಲಿಲ್ಲ. "ಹಗಲ ಹೊತ್ತಿನ್ಯಾಗ ಕೋಳಿ ಯಾರರೆ ಹಿಡೀತಾರೇನ್ರಿ? ಹೊತ್ತು ಮುಳುಗಿದ ಮ್ಯಾಲ ಗೂಡಿನ್ಯಾಗ ಸುಮ್ನ ಕುಂತಿರತಾವ," ಎಂದಳು. ಅಂದೇ ಸಂಜೆ ಒಂದೊಂದನ್ನೇ ಎತ್ತಿ, ಉಂಗುರ ನೋಡಿ, ಹತ್ತು ನಿಮಿಷದಲ್ಲಿ ಹನ್ನೆರಡು ಕವರು ತುಂಬಿದಳು. ನಾನು ಬ್ಯಾಟರಿ ಹಿಡಿದು ನಿಂತಿದ್ದೆ.

ಸುನೀತಾಳ ವರ್ಷ ಉಳಿಯಿತು. ಅವಳು ನನ್ನನ್ನು ಕ್ಷಮಿಸಿದಳು, ಹೆಂಡತಿಯೂ ಕ್ಷಮಿಸಿದಳು. ಐದನೇ ನಂಬರ್ ಮಾತ್ರ ನನ್ನ ನೆರಳು ಕಂಡರೆ ಸಾಕು, ಓಟ ಕೀಳುತ್ತದೆ. ಈಗ ನನ್ನ ಕೈಗೆ ಸಿಗುವ ಕೋಳಿ ಒಂದೂ ಇಲ್ಲ!