ಕುಕ್ಕರಿಗೂ ಸ್ವರ ಬರೆದವರು

ನಮ್ಮ ಮನೆಯವರೆಲ್ಲರ ಕಿವಿ ಕೆಡಿಸಿದ ಮನುಷ್ಯನ ಹೆಸರನ್ನು ನಾನು ಹೇಳುವುದಿಲ್ಲ. ಹೇಳಿದರೆ ಅವರಿಗೆ ಸಂತೋಷವಾದೀತು! ಅವರು ನನ್ನ ಗಂಡನ ಚಿಕ್ಕಪ್ಪ. ನಮ್ಮ ಕೊಂಕಣಿಯಲ್ಲಿ ಬಾಪ್ಪು. ಶಂಕರಪುರದ ಆ ಮನೆಗೆ ನಾನು ಸೊಸೆಯಾಗಿ ಬಂದದ್ದು ಎಪ್ಪತ್ತರ ದಶಕದ ಕೊನೆಯಲ್ಲಿ. ಅಂಗಳದ ಮಲ್ಲಿಗೆ ಗಿಡಗಳು, ಬಾಯಿ ಜೋರಾದರೂ ಮನಸ್ಸು ಮೆತ್ತಗಿದ್ದ ಅತ್ತೆ, ಮಾತೇ ಆಡದ ಗಂಡ, ಎಲ್ಲವನ್ನೂ ಮದುವೆಗೆ ಮೊದಲೇ ತೋರಿಸಿದ್ದರು. ಬಾಪ್ಪುವನ್ನು ಮಾತ್ರ ತೋರಿಸಿರಲಿಲ್ಲ. ಯಾಕೆಂದು ಆಮೇಲೆ ತಿಳಿಯಿತು.

ಮುಂದಿನದನ್ನು ಕಂಡ ಹಾಗೆ, ಕೇಳಿದ ಹಾಗೆ ಬರೆಯುತ್ತೇನೆ. ಬಾಪ್ಪುವಿನ ವಿಷಯದಲ್ಲಿ ಒಂದಕ್ಕೆರಡು ಸೇರಿಸುವ ಅಗತ್ಯವೇ ಇಲ್ಲ.

ಅವರು ಬೊಂಬಾಯಿಯ ಸಿನಿಮಾ ವಾದ್ಯವೃಂದದಲ್ಲಿ ವಯಲಿನ್ ನುಡಿಸಿ, ಮದುವೆಯಾಗದೆ ಊರಿಗೆ ಮರಳಿದ್ದರು. ನಮ್ಮ ಇಗರ್ಜಿಯ, ಅಂದರೆ ಚರ್ಚಿನ, ಗಾಯನ ತಂಡವನ್ನು ನಡೆಸುತ್ತಿದ್ದರು. ಬೇರೆಯವರು ಬೊಂಬಾಯಿಯಿಂದ ಸೀರೆ, ಗಡಿಯಾರ ತರುತ್ತಾರೆ. ಇವರು ತಂದದ್ದು ಒಂದು ರೆಕಾರ್ಡ್ ಪ್ಲೇಯರ್ ಮತ್ತು ಪೆಟ್ಟಿಗೆ ತುಂಬ ಯುರೋಪು, ಅಮೇರಿಕಗಳ ಹೊಸ ಸಂಗೀತದ ರೆಕಾರ್ಡುಗಳು. ಈ ಶತಮಾನದ ಮಹಾಮಹಾ ಸಂಗೀತಗಾರರಂತೆ! ಒಬ್ಬ ಪಿಯಾನೋದ ತಂತಿಗಳ ನಡುವೆ ಮೊಳೆ, ರಬ್ಬರು ಸಿಕ್ಕಿಸಿ ನುಡಿಸುತ್ತಾನೆ. ಇನ್ನೊಬ್ಬ ರೈಲಿನ ಸದ್ದನ್ನು ಟೇಪಿನಲ್ಲಿ ಹಿಡಿದು, ಕತ್ತರಿಸಿ, ಅಂಟಿಸುತ್ತಾನೆ. ಮತ್ತೊಬ್ಬ ಸುಮ್ಮನೆ ಕೂರುವುದೇ ಸಂಗೀತ ಎನ್ನುತ್ತಾನೆ. ಹಾಗಾದರೆ ನನ್ನ ಗಂಡನಿಗಿಂತ ದೊಡ್ಡ ವಿದ್ವಾಂಸ ಯಾರಿದ್ದಾರೆ?

ನಾನು ಬಂದ ವಾರವೇ ಒಂದು ರೆಕಾರ್ಡು ಹಾಕಿದರು. ಯಂತ್ರ ಕೆಟ್ಟಿತೆಂದು ತಿಳಿದ ಅತ್ತೆ ಬನ್ನಂಜೆಯಿಂದ ರೇಡಿಯೋ ರಿಪೇರಿಯವನನ್ನು ಕರೆಸಿದರು. ಅವನು ಯಂತ್ರವನ್ನು ಬಿಚ್ಚಿದ, ಮುಳ್ಳನ್ನು ಒರೆಸಿದ, ಜೊತೆಗೆ ತಂದಿದ್ದ ಸಿನಿಮಾ ಹಾಡಿನ ರೆಕಾರ್ಡು ಹಾಕಿದ. ಅದು ಚೆನ್ನಾಗಿಯೇ ಹಾಡಿತು. ಮತ್ತೆ ಬಾಪ್ಪುವಿನದನ್ನು ಹಾಕಿ ಸ್ವಲ್ಪ ಹೊತ್ತು ಕೇಳಿ, ಚೀಲ ಮುಚ್ಚಿದ.

“ಮಿಶಿನ್ ಸರಿ ಉಂಟು ಅಕ್ಕ. ಪೆಟ್ಟು ಬಿದ್ದದ್ದು ಹಾಡಿಗೆ.”

ಇದು ಎಂತ ಸಂಗೀತ ಎಂದು ನಾನು ಬಾಪ್ಪುವನ್ನು ಮರ್ಯಾದೆಗೆ ಕೇಳಿದೆ. ಕೇಳಬಾರದಿತ್ತು.

“ಊಟದ ಪಂಕ್ತಿ ನೋಡಿದ್ದೀಯಲ್ಲ ಬಾಯೆ? ಎಲ್ಲರಿಗೂ ಒಂದು ಸುತ್ತು ಬಡಿಸದೆ ಯಾರಿಗೂ ಎರಡನೇ ಸಲ ಇಲ್ಲ. ಇದೂ ಹಾಗೆಯೇ. ಸ್ವರ ಹನ್ನೆರಡು ಉಂಟು. ಹನ್ನೆರಡೂ ಬಂದು ಆಗುವ ತನಕ ಯಾವುದೂ ಇನ್ನೊಮ್ಮೆ ಬರಬಾರದು. ಎಂತ ನ್ಯಾಯ, ಅಲ್ವಾ?”

“ನ್ಯಾಯವೆಲ್ಲ ಸರಿ,” ಅತ್ತೆ ಒಳಗಿನಿಂದ ಕೂಗಿದರು, “ಪಂಕ್ತಿಯಲ್ಲಿ ಬಡಿಸಿದ್ದೇ ಹಳಸಿದೆ ಮಾರಾಯ!”

ಆಮೇಲೆ ಅವರೇ ಬರೆಯತೊಡಗಿದರು. ಒಂದು ಕೃತಿಯಲ್ಲಿ ವಯಲಿನ್, ತಾಮ್ರದ ಹಂಡೆ ಮತ್ತು ನನ್ನ ಪ್ರೆಶರ್ ಕುಕ್ಕರ್! ಕುಕ್ಕರಿನ ವಿಷಲ್ ನಾಲ್ಕನೇ ಪುಟದಲ್ಲಿ ಬರಬೇಕು. ಅದು ಎರಡನೇ ಪುಟದಲ್ಲೇ ಕೂಗಿತು. ಬಾಪ್ಪು ಮೊದಲಿನಿಂದ ಶುರು ಮಾಡಿದರು. ಈಗ ಮೂರನೇ ಪುಟದಲ್ಲಿ ಕೂಗಿತು. ಮತ್ತೆ ಶುರು.

“ಬಾಪ್ಪು, ಕಡಲೆ ಹಿಟ್ಟಾಗಿ ಹೋಯಿತು!”

“ಹೋಗಲಿ ಬಾಯೆ. ಪ್ರವೇಶ ಸರಿಯಾಗ್ತಾ ಬಂತು.”

ಅವರಿಗೆ ಬೇಕಿದ್ದದ್ದು ದೊಡ್ಡದೇನೂ ಅಲ್ಲ. ತಾನು ಬರೆದದ್ದನ್ನು ಯಾರಾದರೂ ಒಬ್ಬರು ಕೊನೆಯ ತನಕ ಕೂತು ಕೇಳಬೇಕು, ಅಷ್ಟೇ. ಆದರೆ ಅವರು ವಯಲಿನ್ನಿನ ಕಮಾನು ಎತ್ತಿದ ಕೂಡಲೇ ನನಗೆ ಹಾಲು ಉಕ್ಕುತ್ತಿತ್ತು, ಗಂಡನಿಗೆ ಮಲ್ಲಿಗೆ ಒಯ್ಯುವ ವ್ಯಾನ್ ಬರುತ್ತಿತ್ತು, ಅತ್ತೆಗೆ ತಲೆನೋವು. ಮನೆಯಲ್ಲಿ ಸಿಗದ ಕೇಳುಗರನ್ನು ಅವರು ಇಗರ್ಜಿಯಲ್ಲಿ ಹುಡುಕಿದರು. ಅಲ್ಲಿಂದ ಯಾರೂ ಎದ್ದು ಹೋಗುವ ಹಾಗಿಲ್ಲವಲ್ಲ!

ಮೇರಿ ಮಾತೆ ಹುಟ್ಟಿದ ದಿನದ ಮೊಂತಿ ಹಬ್ಬದ ಪೂಜೆ. ‘ಪವಿತ್ರ, ಪವಿತ್ರ’ ಎಂಬ ಹಾಡನ್ನು ಎಲ್ಲರೂ ನಿಂತು ಕೇಳುವುದು, ಹಾಡು ನಿಂತೊಡನೆ ಗಂಟೆಯಾಗುವುದು, ಗಂಟೆಗೆ ಜನ ಮೊಣಕಾಲೂರುವುದು ನಮ್ಮಲ್ಲಿನ ಪದ್ಧತಿ. ಆ ಹಾಡಿಗೆ ಬಾಪ್ಪು ಹೊಸ ಸಂಗೀತ ಬರೆದಿದ್ದರು. ನಡುನಡುವೆ ಉದ್ದುದ್ದ ಮೌನಗಳನ್ನೂ ಬರೆದಿದ್ದರು. ಯಾರಿಗೂ ಹೇಳಿರಲಿಲ್ಲ.

ಮೊದಲ ಮೌನ ಬಂತು. ಹಾಡು ಮುಗಿಯಿತೆಂದು ಗಂಟೆಯವನು ಗಂಟೆ ಹೊಡೆದ. ಇಡೀ ಇಗರ್ಜಿ ಮೊಣಕಾಲೂರಿತು. ಅಷ್ಟರಲ್ಲಿ ಮೇಲಿನ ಅಟ್ಟದಿಂದ “ಪವಿತ್ರ!” ಎಂದು ಗಾಯನ ತಂಡ ಸಿಡಿಯಿತು. ಎಲ್ಲರೂ ದಡಬಡ ಎದ್ದರು. ಮತ್ತೆ ಮೌನ, ಮತ್ತೆ ಗಂಟೆ, ಮತ್ತೆ ಮೊಣಕಾಲು. ಮತ್ತೆ “ಪವಿತ್ರ!” ಕೊನೆಗೆ ಹಾಡು ನಿಜವಾಗಿಯೂ ಮುಗಿದಾಗ ಅರ್ಧ ಜನ ನಿಂತಿದ್ದರು, ಅರ್ಧ ಜನ ಮೊಣಕಾಲೂರಿದ್ದರು. ಗಂಟೆಯವನು ಮಾತ್ರ ಗಂಟೆ ಮುಟ್ಟಲು ಹೆದರಿ ಬಾಪ್ಪುವನ್ನೇ ನೋಡುತ್ತಿದ್ದ.

“ಮೊಣಕಾಲಿಗೆ ಎಣ್ಣೆ ಹಚ್ಚುವವಳು ನಾನು, ನೀನಲ್ಲ!” ಎಂದು ಅತ್ತೆ ದಾರಿಯುದ್ದಕ್ಕೂ ಬೈದರು.

ಪಾದ್ರಿಗಳು ಬೈಯಲಿಲ್ಲ. “ಇನ್ನು ನೀವು ವಿಶ್ರಾಂತಿ ತೆಗೆದುಕೊಳ್ಳಿ” ಎಂದರು. ಗಾಯನ ತಂಡವನ್ನು ಇನ್ನೊಬ್ಬರಿಗೆ ವಹಿಸಿದರು. ಬಾಪ್ಪು ವಯಲಿನ್ನನ್ನು ಪೆಟ್ಟಿಗೆಯಲ್ಲಿಟ್ಟು ಮಂಚದ ಕೆಳಗೆ ತಳ್ಳಿದರು. ಸದ್ಯ, ಕಡಲೆ ಹದವಾಗಿ ಬೇಯತೊಡಗಿತು ಎಂದು ನಾನು ನಿಟ್ಟುಸಿರು ಬಿಟ್ಟೆ.

ಮರುವರ್ಷ ಅತ್ತೆಗೆ ಲಕ್ವ ಹೊಡೆಯಿತು. ಮಣಿಪಾಲದ ಆಸ್ಪತ್ರೆಯಿಂದ ಜೀವ ಉಳಿಸಿಕೊಂಡು ಬಂದರು. ಮಾತು ಮಾತ್ರ ಬರಲಿಲ್ಲ. ಉಳಿದದ್ದು ಕೆಲವು ಸದ್ದುಗಳು: ಮೇಲಕ್ಕೆ ಎಳೆಯುವಂಥದ್ದು ಒಂದು, ಗಂಟಲಿನ ಕೆಳಗೆ ಉರುಳುವಂಥದ್ದು ಒಂದು, ತಟ್ಟನೆ ತುಂಡಾಗುವಂಥದ್ದು ಇನ್ನೊಂದು. ಸದ್ದು ಕೇಳಿದೊಡನೆ ನಾವು ಓಡುತ್ತಿದ್ದೆವು. “ನೀರಾ ಮಾಂಯ್? ಬೆನ್ನು ನೋವಾ? ಬಾಗಿಲು ಹಾಕಬೇಕಾ?” ಅವರು ಗೋಡೆಯ ಕಡೆ ಮುಖ ತಿರುಗಿಸುತ್ತಿದ್ದರು. ನೋಡಲು ಬಂದವರು ಕಿವುಡರೊಡನೆ ಆಡುವ ಹಾಗೆ ಕಿರುಚಿ ಮಾತಾಡುತ್ತಿದ್ದರು. ಕ್ರಮೇಣ ಅತ್ತೆ ಆ ಸದ್ದುಗಳನ್ನೂ ನಿಲ್ಲಿಸಿದರು.

ಒಂದು ಬೆಳಿಗ್ಗೆ ಗಂಜಿ ಹಿಡಿದು ಅವರ ಕೋಣೆಗೆ ಹೋದೆ. ಮಂಚದ ಪಕ್ಕದ ಸ್ಟೂಲಿನಲ್ಲಿ ಬಾಪ್ಪು ಕುಳಿತಿದ್ದರು. ಹೆಗಲ ಮೇಲೆ ವಯಲಿನ್. ಅತ್ತೆ ಒಂದು ಸದ್ದು ಮಾಡಿದರು. ಬಾಪ್ಪು ಏನು ಬೇಕೆಂದು ಕೇಳಲಿಲ್ಲ. ಆ ಸದ್ದು ಪೂರ್ತಿ ಮುಗಿಯುವ ತನಕ ತಲೆ ಬಗ್ಗಿಸಿ ಕೇಳಿದರು. ತಂತಿಯ ಮೇಲೆ ಮೆಲ್ಲನೆ ಕಮಾನು ಎಳೆದರು. ಅದೇ ಸದ್ದಲ್ಲ, ಅದಕ್ಕೊಂದು ಉತ್ತರ. ಅತ್ತೆ ಯೋಚಿಸಿದರು. ಕೆಳಗಿನದೊಂದನ್ನು ಕೊಟ್ಟರು. ಬಾಪ್ಪು ಅದಕ್ಕೂ ಉತ್ತರಿಸಿದರು. ಆಗ ಅತ್ತೆ, ಬೇಕೆಂದೇ, ಒಂದು ಸದ್ದನ್ನು ಏರಿಸಿ, ಬಗ್ಗಿಸಿ, ನಡುವೆ ತುಂಡು ಮಾಡಿ, ‘ಈಗ ಎಂತ ಮಾಡ್ತಿ’ ಎಂಬ ಹಾಗೆ ಅವರನ್ನೇ ನೋಡಿದರು. ಬಾಪ್ಪು ಕಮಾನು ಎತ್ತಿದರು. ಕಮಾನು ಗಾಳಿಯಲ್ಲೇ ನಿಂತಿತು.

ಅತ್ತೆ ನಕ್ಕರು. ಅರ್ಧ ಮುಖ ಮಾತ್ರ ನಕ್ಕಿತು.

“ಇನ್ನೊಮ್ಮೆ ವೊನಿ,” ಎಂದರು ಬಾಪ್ಪು ಅತ್ತಿಗೆಗೆ. “ನಿಧಾನ. ನನಗೆ ಕಲಿಯಲಿಕ್ಕುಂಟು.”

ನಾನು ಒಳಗೆ ಹೋಗಲಿಲ್ಲ. ಹೊಸ್ತಿಲಲ್ಲೇ ಕುಳಿತೆ. ಗಂಜಿ ಆರಿತು. ಅವರಿಬ್ಬರೂ ಮುಗಿಸುವ ತನಕ ಕುಳಿತೇ ಇದ್ದೆ.