ಸಾಹೇಬರಿಗೆ ಹತ್ತದ ಘಾಟು

ಸರ್ಫರಾಜ ಮಾಸ್ತರರ ಆ ದಿನದ ಫಜೀತಿಗೆಲ್ಲ ಮೂಲ ಒಂದು ಭೂತಗನ್ನಡಿ. ಅದೂ ಸ್ವಂತದ್ದಲ್ಲ, ಸ್ಟೇಶನ್ ರಸ್ತೆಯಲ್ಲಿ ಗಡಿಯಾರ ರಿಪೇರಿ ಮಾಡುವ ದಾದಾಪೀರನಿಂದ ಒಂದು ದಿನದ ಮಟ್ಟಿಗೆ ಕೇಳಿ ತಂದದ್ದು.

ಬ್ಯಾಡಗಿಯ ಆ ಸರಕಾರಿ ಶಾಲೆಯಲ್ಲಿ ಸರ್ಫರಾಜ ಆರು ವರ್ಷದಿಂದ ಅತಿಥಿ ಶಿಕ್ಷಕ. ಅತಿಥಿಯನ್ನು ಆರು ವರ್ಷ ಹೊಸ್ತಿಲ ಮೇಲೇ ನಿಲ್ಲಿಸಿಕೊಳ್ಳುವ ಸಂಸ್ಕಾರ ಬಡವರ ಮನೆಗಳಲ್ಲಿ ಇಲ್ಲ, ಸರಕಾರಕ್ಕೆ ಸಿದ್ಧಿಸಿದೆ. ಈ ಸಲ ಹೊಸ ನಿಯಮ ಬಂದಿತ್ತು. ಶಿಕ್ಷಣ ಇಲಾಖೆ ಕಚೇರಿಯ ಕಾಕೋಳ ಸಾಹೇಬರು ಖುದ್ದು ಪಾಠ ಕೇಳಿ, 'ತೃಪ್ತಿಕರ' ಎಂದು ಬರೆದು ಸಹಿ ಹಾಕಬೇಕು. ಸಹಿ ಬಿದ್ದರೆ ಜೂನ್‌ನಿಂದ ಮತ್ತೆ ಅತಿಥಿ. ಬೀಳದಿದ್ದರೆ ಮೆಣಸಿನಕಾಯಿ ಪೇಟೆಯಲ್ಲಿ ಚೀಲ ಹೊಲಿಯಬಹುದು; ಆ ಕೆಲಸಕ್ಕೆ ಎಂ.ಎಸ್ಸಿ. ಪದವಿ ಅಡ್ಡಿಯಾಗುವುದಿಲ್ಲ.

ಅಂದಿನ ಪಾಠ ನಕ್ಷತ್ರಗಳ ಬೆಳಕು. ಹೊಸ ಪುಸ್ತಕ ಬಂದಿರಲಿಲ್ಲ. ಝೆರಾಕ್ಸ್ ಪ್ರತಿಯಲ್ಲಿ ನಕ್ಷತ್ರಗಳೆಲ್ಲ ಅಳಿಸಿ ಹೋಗಿ, ಬ್ರಹ್ಮಾಂಡವೆಂಬುದು ಸೀದ ಹಂಚಿನಂತೆ ಕಾಣುತ್ತಿತ್ತು. ಕೋಣೆಯಲ್ಲಿ ಕರೆಂಟಿಲ್ಲ. ಮಾಸ್ತರರು ಮಕ್ಕಳನ್ನು ಬಯಲಿಗೆ ಕರೆತಂದರು.

ಬಯಲಿನಲ್ಲಿ ಮಕ್ಕಳು ಆಡಬಾರದೆಂದು ಯಾರೂ ಹೇಳಿಲ್ಲ. ಶಾಲಾ ಸಮಿತಿಯ ಅಧ್ಯಕ್ಷ, ವ್ಯಾಪಾರಿ ಸೋಮಪ್ಪನವರು ಅಲ್ಲಿ ತಮ್ಮ ಮೆಣಸಿನಕಾಯಿ ಒಣಹಾಕಿದ್ದಾರೆ, ಅಷ್ಟೇ. ಆ ಕೆಂಪು ಹಾಸಿನ ಅಂಚಿನಲ್ಲಿ ಮಕ್ಕಳು ಕಾಲು ಮಡಚಿ ಕುಳಿತರು. ಕಾಕೋಳ ಸಾಹೇಬರು ಮೂಡಲ ಬದಿಯ ಬೇವಿನ ನೆರಳಿಗೆ ಕುರ್ಚಿ ಹಾಕಿಸಿಕೊಂಡರು. ಅವರ ಮನೆ ಹಾವೇರಿ, ನೌಕರಿ ಬ್ಯಾಡಗಿ. ದಿನವೂ ಬಸ್ಸಿನಲ್ಲಿ ನಿಂತು ಬರುವ ಸಿಟ್ಟು ಅವರ ಹುಬ್ಬಿನ ಮೇಲೆ ಕಾಯಂ ಠಿಕಾಣಿ ಹೂಡಿತ್ತು. ಹಾವೇರಿಗೆ ವರ್ಗಾವಣೆ ಬೇಡಿ ಮೂರು ವರ್ಷವಾಗಿತ್ತು.

"ನಾವು ಕಾಣೋ ನಕ್ಷತ್ರದ ಬೆಳಕು ಈಗಿನದಲ್ಲ" ಎಂದು ಮಾಸ್ತರರು ಶುರುಮಾಡಿದರು. "ಎಷ್ಟೋ ವರ್ಷದ ಹಿಂದ ಅಲ್ಲಿಂದ ಹೊಂಟಿದ್ದು. ಅದು ಇಲ್ಲಿ ಮುಟ್ಟೂದ್ರಾಗ ಆ ನಕ್ಷತ್ರ ಅಲ್ಲಿ ಇರ್ತೈತೋ ಇಲ್ಲೋ."

"ನನ್ನ ಅರ್ಜಿನೂ ಹಂಗ ಐತಿ ಬಿಡ್ರಿ" ಎಂದರು ಸಾಹೇಬರು, ಕಣ್ಣು ಮುಚ್ಚಿಕೊಂಡೇ.

ಹೀನಾ ಎಂಬ ಹುಡುಗಿ ಎದ್ದು ನಿಂತಳು. "ಸರ, ಅಷ್ಟು ವರ್ಷ ಉರೀಬೇಕಂದ್ರ ನಕ್ಷತ್ರಕ್ಕ ಕಟ್ಟಿಗಿ ಯಾರು ಹಾಕ್ತಾರ್ರಿ?"

"ಕಟ್ಟಿಗಿ ಅಲ್ಲವಾ. ಒಳಗ ಹೈಡ್ರೋಜನ್ ಕೂಡಿಕೊಂಡು ಹೀಲಿಯಂ ಆಗ್ತೈತಿ. ಆ ಕೂಡೂದ್ರಾಗ ಶಕ್ತಿ ಹೊರಬೀಳ್ತೈತಿ. ನಮ್ಮ ಸೂರ್ಯನೂ ಒಂದು ನಕ್ಷತ್ರನ. ಅವನ ತೀರಾ ಹತ್ರ ಇದ್ದ ಗ್ರಹ ಸುಡತೈತಿ, ದೂರ ಇದ್ದದ್ದು ಹೆಪ್ಪುಗಟ್ಟತೈತಿ. ಭೂಮಿ ಹದವಾದ ದೂರದಾಗೈತಿ. ಅದಕ್ಕ ಇಲ್ಲಿ ನೀರೈತಿ, ಜೀವ ಐತಿ."

ಬಿಸಿಯೂಟದ ಅಡುಗೆಯ ಶೇಖವ್ವ ಬಾಗಿಲಲ್ಲಿ ನಿಂತು ಕೇಳುತ್ತಿದ್ದಳು. "ಒಲಿಗೆ ಹತ್ತಿಸಿಟ್ಟ ರೊಟ್ಟಿ ಸೀದತೈತಿ, ದೂರ ಇಟ್ಟದ್ದು ಹಸೀ ಉಳೀತೈತಿ. ಇಷ್ಟು ಹೇಳಾಕ ಅಷ್ಟು ವರ್ಷ ಕಲಿತ್ರ್ಯಾ ಮಾಸ್ತರ?"

ಮಕ್ಕಳು ನಕ್ಕರು. ಸಾಹೇಬರೂ ಒಂದು ಕಣ್ಣು ತೆರೆದರು. ಆ ಒಂದು ಕಣ್ಣನ್ನು ಹಿಡಿದಿಟ್ಟುಕೊಳ್ಳುವ ಆಸೆಯಿಂದ ಮಾಸ್ತರರು ಭೂತಗನ್ನಡಿ ತೆಗೆದರು. "ಹದಿನೈದು ಕೋಟಿ ಕಿಲೋಮೀಟರ್ ದಾಟಿ ಬಂದ ಶಕ್ತಿ ನೋಡ್ರಿ ಈಗ!"

ಹಾಳೆಯ ಮೇಲೆ ಬಿಳಿ ಚುಕ್ಕೆ ಕುಣಿಯಿತು, ಹೊಗೆಯಾಯಿತು, ಭಗ್ಗನೆ ಹೊತ್ತಿತು. ಮಕ್ಕಳು ಚಪ್ಪಾಳೆ ತಟ್ಟಿದರು. ಅಷ್ಟರಲ್ಲಿ ಮೂಡಗಾಳಿ ಬೀಸಿ, ಉರಿಯುವ ಹಾಳೆಯನ್ನು ಮಾಸ್ತರರ ಕೈಯಿಂದ ಕಿತ್ತು ಸೋಮಪ್ಪನವರ ಮೆಣಸಿನಕಾಯಿಯ ಮೇಲೆ ಬಿಟ್ಟಿತು.

ಘಾಟೆದ್ದಿತು ನೋಡಿ! ಮಕ್ಕಳು, ಶೇಖವ್ವ, ಪಡುವಲ ಬದಿಯ ಓಣಿ, ಓಣಿಯ ಆಡು, ಎಲ್ಲ ವಿಧಾನಸಭೆಯ ಸದಸ್ಯರಂತೆ ಒಮ್ಮೆಲೇ ಬಾಯಿ ಬಿಟ್ಟವು. ಯಾರ ಮಾತೂ ಯಾರಿಗೂ ತಿಳಿಯಲಿಲ್ಲ. ಸೋಮಪ್ಪನವರು ಪಂಚೆ ಎತ್ತಿಕೊಂಡು ಓಡಿ ಬಂದರು. "ನನ್ನ ಕಾಯಿ ಸುಟ್ಟಾನಲ್ರೋ! ಖೊಕ್... ಸಾಹೇಬ್ರ, ಇಂಥಾವನ್ನ... ಖೊಕ್... ಇವತ್ತ ತಗೀರಿ!"

ಶೇಖವ್ವ ಕೊಡ ನೀರು ಸುರಿದಳು. ಹೊಗೆ ಇಳಿಯಿತು. ಕಣ್ಣೊರೆಸಿಕೊಂಡವಳೇ ಬೇವಿನ ಮರದ ಕಡೆ ನೋಡಿ ಹೌಹಾರಿದಳು. "ಯವ್ವಾ! ಊರಿಗೆಲ್ಲ ಘಾಟು ಹತ್ತೇತಿ, ಸಾಹೇಬ್ರಿಗೆ ಹತ್ತೇ ಇಲ್ಲ! ಇವರಿಗೆ ಭಾರೀ ದೃಷ್ಟಿ ಆಗಿತ್ರಿ!"

"ನಜರು ಇಳೀತು ತಗೋ" ಎಂದು ಕಾಂಪೌಂಡಿನಾಚೆಯಿಂದ ಓಣಿಯ ಬಿಸ್ಮಿಲ್ಲಾಬಿ ಕೆಮ್ಮುತ್ತಲೇ ಅನುಮೋದಿಸಿದಳು. ಈ ಒಂದು ವಿಷಯದಲ್ಲಿ ಊರಿನಲ್ಲಿ ಮತಭೇದವಿಲ್ಲ. ಹೆಸರು ಎರಡು, ಮೆಣಸಿನಕಾಯಿ ಒಂದೇ.

"ಅಲ್ರಿ, ಗಾಳಿ ಮೂಡಲಿಂದ ಬೀಸಾಕತ್ತೈತಿ. ಸಾಹೇಬ್ರು ಮೂಡಲಿಗೆ ಕುಂತಾರ. ಹೊಗಿ ಈ ಕಡೆ ಬಂತು" ಎಂದರು ಮಾಸ್ತರರು. "ಮಕ್ಕಳ, ಬರಕೋರಿ ಇದನ್ನ." ಹೀನಾ ಬರೆದುಕೊಂಡಳು.

ಅದೇ ಹೊತ್ತಿಗೆ ಸಾಹೇಬರ ಫೋನು ರಿಂಗಾಯಿತು. ಕೇಳುತ್ತ ಕೇಳುತ್ತ ಅವರ ಹುಬ್ಬಿನ ಸಿಟ್ಟು ಗಂಟುಮೂಟೆ ಕಟ್ಟಿತು. "ಆರ್ಡರ್ ಆತು! ಹಾವೇರಿಗೆ ಆತ್ರಿ!"

ಸೋಮಪ್ಪನವರ ಸಿಟ್ಟು ಗಕ್ಕನೆ ಹೆಮ್ಮೆಗೆ ತಿರುಗಿತು. "ಸುಟ್ಟದ್ದು ನನ್ನ ಕಾಯಿರಿ! ಬ್ಯಾಡಗಿ ಕಾಯಿ ಅಂದ್ರ ಏನಂತ ತಿಳದೀರಿ!" ಎಂದು ಮೊಬೈಲ್ ತೆಗೆದು ವಿಡಿಯೋ ಶುರುಮಾಡಿದರು.

ಸಾಹೇಬರು ಮಾಸ್ತರರ ಎರಡೂ ಕೈ ಹಿಡಿದರು. "ಖರೇ ಹೇಳ್ರಿ ಮಾಸ್ತರ. ಪಾಠದ ನೆವದಾಗ ನನ್ನ ದೃಷ್ಟಿ ತಗದ್ರಿ, ಹೌದಿಲ್ಲೋ?"

"ಸರ, ಅದು ಗಾಳಿ..."

"ಗಾಳಿ ಬಿಡ್ರಿ. ಹೌದೋ ಅಲ್ಲೋ? ನೋಡ್ರಿ, ಪೆನ್ ಕೈಯಾಗೈತಿ."

ಮಾಸ್ತರರು ಪೆನ್ನು ನೋಡಿದರು. ಮಕ್ಕಳನ್ನು ನೋಡಲಿಲ್ಲ. "ಹೌದ್ರಿ" ಎಂದರು.

"ಸರ" ಎಂದಳು ಹೀನಾ, "ಗಾಳಿ ದಿಕ್ಕಿಂದು ಬರಸಿದ್ರಲ್ಲ, ಅದನ್ನ ಹೊಡದು ಹಾಕಲ್ರ್ಯಾ?"

"ಹಾಕವಾ" ಎಂದರು ಮಾಸ್ತರರು. ಅವರ ದನಿಗೆ ಘಾಟು ಆಗ ಹತ್ತಿತು.

ಸಾಹೇಬರು ಸಡಗರದಿಂದ 'ಅತ್ಯಂತ ತೃಪ್ತಿಕರ' ಎಂದು ಬರೆದರು. ಸಹಿಗೆಂದು ಕೈ ಕೆಳಗೆ ತಂದವರು ಅಲ್ಲೇ ನಿಲ್ಲಿಸಿದರು. "ಅರೇ! ಆರ್ಡರಿನಾಗ 'ತಕ್ಷಣದಿಂದ' ಅಂತ ಐತಂತ. ಅಂದ್ರ ನಾ ಈಗ ಇಲ್ಲಿ ಸಾಹೇಬ ಅಲ್ಲ. ಸಹಿ ಮಾಡಿದ್ರ ಕಾನೂನು ತಪ್ಪತೈತಿ." ಮೂರು ವರ್ಷ ಹನ್ನೊಂದಕ್ಕೆ ಬಂದು ಮೂರಕ್ಕೆ ಬಸ್ಸು ಹತ್ತಿದ ಮನುಷ್ಯನಿಗೆ ಕಾನೂನು ಕಣ್ಣು ಬಿಟ್ಟದ್ದು ಆ ಗಳಿಗೆಯಲ್ಲಿ. "ಚಿಂತಿ ಮಾಡಬ್ಯಾಡ್ರಿ, ನನ್ನ ಜಾಗಾಕ್ಕ ಹಲಗೇರಿ ಸಾಹೇಬ್ರು ಬರ್ತಾರ, ಅವರು ಹಾಕ್ತಾರ" ಎಂದು ಬಸ್ ಸ್ಟ್ಯಾಂಡಿನ ದಾರಿ ಹಿಡಿದರು.

ಸಂಜೆ ನಾಲ್ಕಕ್ಕೆ ಮಾಸ್ತರರ ಫೋನು ಬಡಿದುಕೊಂಡಿತು.

"ಸರ್ಫರಾಜ ಮಾಸ್ತರೇನು? ನಾ ಹಲಗೇರಿ. ನಾಳಿಂದ ನಿಮ್ಮ ಸಾಹೇಬ."

"ನಮಸ್ಕಾರ್ರಿ ಸರ. ನಂದೊಂದು ಸಹಿ ಉಳದೈತ್ರಿ..."

"ಸಹಿ ಇರ್ಲಿ. ಹಾವೇರಿಯೊಳಗ ಮನಿ ಮುಂದ ಆಫೀಸಿತ್ತು ನಂದು. ಆ ಕಾಕೋಳಗ ಜಾಗಾ ಮಾಡಾಕ ನನ್ನ ಕಿತ್ತು ಬ್ಯಾಡಗಿಗೆ ಒಗದಾರ. ಯಾಕಂತ ತಿಳೀವಲ್ದಾಗಿತ್ತು. ಈಗ ನಿಮ್ಮ ಸೋಮಪ್ಪ ಹಾಕಿದ ವಿಡಿಯೋ ನೋಡಿದೆ."

"ಸರ, ಅದು ದೃಷ್ಟಿ ಅಲ್ರಿ. ಮೂಡಗಾಳಿ..."

"ನಿಮ್ಮ ಬಾಯಲೇ 'ಹೌದ್ರಿ' ಅಂದೀರಿ. ನಾಕು ಸಲ ನೋಡೇನಿ. ನಾಳಿ ಹತ್ತಕ್ಕ ಬರ್ತೇನಿ. ಹೊಳ್ಳಿ ಹಾವೇರಿಗೆ ಹೋಗೂವಂಗ ನಂದೂ ದೃಷ್ಟಿ ತಗೀರಿ. ಮೆಣಸಿನಕಾಯಿ ನಾನ ತರ್ತೇನಿ."

"ಆಗ್ಲಿ ಸರ. ಬಂದ ಕೂಡ್ಲೆ ಮೊದ್ಲ ನಂದೊಂದು ಸಹಿ ಹಾಕಿಬಿಡ್ರಿ. ಆಮ್ಯಾಲೆ..."

"ನಾ ಏನು ಹುಚ್ಚ ಅದೀನೇನು?" ಎಂದರು ಹಲಗೇರಿ ಸಾಹೇಬರು. "ಮೊದ್ಲ ಆರ್ಡರ್ ಬರ್ಲಿ. ಆಮ್ಯಾಲೆ ಸಹಿ."